ಕುದುರೆ ಪಡೆ ಉಳಿಯಬೇಕಾದರೆ ಮೊದಲು ಕುದುರೆಗಳ ವಯಸ್ಸು ಕೇಳಿ

ಓದುಗರ ಪ್ರಶ್ನೆ:

“ಡಾಕ್ಟ್ರೇ, ನಾನು ಶಾಲಾ ಶಿಕ್ಷಕಿ. ನಮ್ಮ ನಗರದ ಪೊಲೀಸ್ ಕುದುರೆ ಲಾಯ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಇದೆ. ನಾವು ಇಲ್ಲಿಗೆ ಬಂದಾಗ 22 ಕುದುರೆಗಳಿದ್ದವು. ಈಗ 11 ಉಳಿದಿವೆ. ಖರ್ಚು ಕಡಿಮೆ ಮಾಡಬೇಕು ಅಂತ ಈ ವರ್ಷ ಪಡೆಯನ್ನೇ ಮುಚ್ಚುವ ಪ್ರಸ್ತಾವ ಬಂದಿದೆ. ಇಲ್ಲವಾದರೆ ಮೆರವಣಿಗೆಗೆ ಸಾಕಾಗುವಷ್ಟು ನಾಲ್ಕೈದು ಕುದುರೆ ಮಾತ್ರ ಇಟ್ಟುಕೊಳ್ಳುತ್ತಾರಂತೆ. ನಾವು ಕೆಲವರು ಸೇರಿ ಸಹಿ ಸಂಗ್ರಹ ಶುರು ಮಾಡಿದ್ದೇವೆ. ಆದರೆ ನಮ್ಮೊಳಗೇ ಗೊಂದಲ. ಒಂದು ಕುದುರೆ ಹತ್ತು ಪೊಲೀಸರಿಗೆ ಸಮ ಅಂತ ಕೆಲವರು. ಡ್ರೋನ್, ಕ್ಯಾಮೆರಾ ಇರುವಾಗ ಕುದುರೆ ಯಾಕೆ ಅಂತ ಇನ್ನು ಕೆಲವರು. ಗದ್ದಲದ ರಸ್ತೆಯಲ್ಲಿ ಅವನ್ನು ನಿಲ್ಲಿಸುವುದೇ ಹಿಂಸೆ, ಮುಚ್ಚಿದರೇ ಒಳ್ಳೆಯದು ಅಂತ ನನ್ನ ಅಕ್ಕ. ಯಾವುದು ನಿಜ? ನಾವು ಏನು ಕೇಳಬೇಕು? ಮುಚ್ಚಿಬಿಟ್ಟರೆ ಆ ಕುದುರೆಗಳು ಎಲ್ಲಿಗೆ ಹೋಗುತ್ತವೆ? ಕೊನೆಗೊಂದು ಸಣ್ಣ ಪ್ರಶ್ನೆ. ನನ್ನ ಮಗ ದಿನಾ ಬೆಳಗ್ಗೆ ಗೇಟಿನ ಹತ್ತಿರ ನಿಂತು ಒಂದು ಬೂದು ಕುದುರೆಗೆ ಕ್ಯಾರೆಟ್ ಕೊಡುತ್ತಾನೆ. ಕೊಡಬಹುದಾ?”

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಕಡೆ. 22 ಇದ್ದದ್ದು 11 ಆಗಿದೆ ಎಂದು ಬರೆದಿದ್ದೀರಿ. ಮುಚ್ಚುವ ಪ್ರಸ್ತಾವ ಈ ವರ್ಷ ಬಂದಿರಬಹುದು. ಆದರೆ ಮುಚ್ಚುವ ಕೆಲಸ ಶುರುವಾಗಿ ಎಷ್ಟೋ ವರ್ಷಗಳಾಗಿವೆ.

ಪಶುವೈದ್ಯನಾಗಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ನಾನು ಪೊಲೀಸ್ ಕುದುರೆಗಳನ್ನು ನೋಡಿಕೊಂಡಿದ್ದೇನೆ. ಒಂದು ಪಡೆ ಕಣ್ಣೆದುರೇ ಮುಚ್ಚಿದ್ದನ್ನು ನೋಡಿದ್ದೇನೆ. ಇನ್ನೊಂದು ಮುಚ್ಚುವ ಹಂತಕ್ಕೆ ಹೋಗಿ ಉಳಿದದ್ದನ್ನೂ ನೋಡಿದ್ದೇನೆ. ಎರಡೂ ಕಡೆ ಕೈ ಕೊಟ್ಟದ್ದು, ಕೈ ಹಿಡಿದದ್ದು ಒಂದೇ ವಿಷಯ: ಕುದುರೆಗಳ ವಯಸ್ಸಿನ ಲೆಕ್ಕ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಪೊಲೀಸ್ ಕೆಲಸಕ್ಕೆ ಕುದುರೆಯನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷದ ಪ್ರಾಯದಲ್ಲಿ ತರುತ್ತಾರೆ. ರಸ್ತೆಗಿಳಿಸುವ ಮೊದಲು ಆರು ತಿಂಗಳಿಂದ ಒಂದು ವರ್ಷ ತರಬೇತಿ ಬೇಕು. ಚೆನ್ನಾಗಿ ನೋಡಿಕೊಂಡರೆ ಹದಿನಾರು, ಹದಿನೆಂಟು ವರ್ಷದ ತನಕ ದುಡಿಯುತ್ತದೆ. ಅಂದರೆ ಒಂದು ಕುದುರೆಯ ಸೇವೆ ಹನ್ನೆರಡು ವರ್ಷದ ಆಸುಪಾಸು. ಇಪ್ಪತ್ತು ಕುದುರೆಯ ಪಡೆ ಹಾಗೇ ಉಳಿಯಬೇಕು ಅಂದರೆ ವರ್ಷಕ್ಕೆ ಒಂದೋ ಎರಡೋ ಹೊಸ ಕುದುರೆ ಬರುತ್ತಲೇ ಇರಬೇಕು. ನಾಲ್ಕೈದು ವರ್ಷ ಖರೀದಿ ನಿಲ್ಲಿಸಿದರೆ ಮೊದಮೊದಲು ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಲಾಯದಲ್ಲಿರುವ ಎಲ್ಲ ಕುದುರೆಗಳೂ ಒಟ್ಟಿಗೆ ಮುದಿಯಾಗುತ್ತವೆ.

ಈಗ ನಿಮ್ಮ 11 ಕುದುರೆಗಳನ್ನೇ ತೆಗೆದುಕೊಳ್ಳಿ. ಯಾವುದೇ ದಿನ ನೋಡಿದರೂ ಒಂದಕ್ಕೆ ಗೊರಸಿನ ತೊಂದರೆ, ಇನ್ನೊಂದಕ್ಕೆ ಕೆಮ್ಮು, ಮತ್ತೊಂದಕ್ಕೆ ಸ್ವಲ್ಪ ಕುಂಟು ಇದ್ದೇ ಇರುತ್ತದೆ. ಒಂದೆರಡಕ್ಕೆ ಅವತ್ತು ವಾರದ ರಜೆ. ಕೆಲಸಕ್ಕೆ ಸಿಗುವುದು ಆರೇಳು. ಸುರಕ್ಷತೆಗಾಗಿ ಗಸ್ತಿಗೆ ಎರಡೆರಡನ್ನೇ ಜೊತೆ ಮಾಡಿ ಕಳಿಸಬೇಕು. ಬೆಳಗ್ಗೆ ಒಂದು ಜೊತೆ, ಸಂಜೆ ಒಂದು ಜೊತೆ ಹೋದರೆ ಮುಗಿಯಿತು. ಆಗ ಲೆಕ್ಕಪತ್ರ ನೋಡುವವರು ಕೇಳುತ್ತಾರೆ: “ರಸ್ತೆಯಲ್ಲಿ ಕಾಣುವುದು ಎರಡೇ ಕುದುರೆ, ಅದಕ್ಕೆ ಇಷ್ಟು ದೊಡ್ಡ ಲಾಯ ಯಾಕೆ?” ಅವರ ಪ್ರಶ್ನೆ ತಪ್ಪಲ್ಲ. ಆದರೆ ಎರಡೇ ಕಾಣುವಂತೆ ಆದದ್ದು ಹೇಗೆ ಅನ್ನುವುದು ಅವರ ಮುಂದಿರುವ ಕಾಗದದಲ್ಲಿ ಇರುವುದಿಲ್ಲ. ಅದನ್ನು ಕಾಗದದ ಮೇಲೆ ತರಬೇಕಾದವರು ನೀವು.

ಲಾಯದ ಜನರ ಕಥೆಯೂ ಇದೇ. ಕುದುರೆಗೆ ಮಾಲೀಸು ಮಾಡುವ, ನೀರು ಮೇವು ನೋಡುವ ಸೈಸ್‌ಗಳು ನಿವೃತ್ತಿಯಾದರೆ ಆ ಹುದ್ದೆ ಖಾಲಿ ಬೀಳುತ್ತದೆ. ಲಾಳ ಹೊಡೆಯುವವರು ಬಿಟ್ಟುಹೋದರೆ ಇನ್ನೊಬ್ಬರು ಸಿಗುವುದು ಕಷ್ಟ. ಯಾರೂ ಏನನ್ನೂ ರದ್ದು ಮಾಡಿರುವುದಿಲ್ಲ. ಸುಮ್ನೆ ತುಂಬದೆ ಬಿಟ್ಟಿರುತ್ತಾರೆ.

ಒಂದು ಕುದುರೆ ಹತ್ತು ಪೊಲೀಸರಿಗೆ ಸಮವೇ?

ಈ ಮಾತನ್ನು ದಯವಿಟ್ಟು ನಿಮ್ಮ ಮನವಿಯಿಂದ ತೆಗೆದುಬಿಡಿ. ಪೊಲೀಸ್ ವಲಯದಲ್ಲಿ ಇದು ಬಾಯಿಂದ ಬಾಯಿಗೆ ಬಂದ ಮಾತು. ತಕ್ಕಡಿಯಲ್ಲಿ ತೂಗಿ ಹೇಳಿದ್ದಲ್ಲ. ಹತ್ತು ಅಂದ ತಕ್ಷಣ ಎದುರಿನವರು ಆಧಾರ ಕೇಳುತ್ತಾರೆ. ನಿಮ್ಮ ಹತ್ತಿರ ಇರುವುದಿಲ್ಲ. ಆಮೇಲೆ ನೀವು ಹೇಳುವ ನಿಜವನ್ನೂ ನಂಬುವುದಿಲ್ಲ.

ನಿಜ ಏನು ಅಂದರೆ, ಕೆಲವೊಂದು ಕೆಲಸದಲ್ಲಿ ಕುದುರೆಗೆ ಸಾಟಿ ಇಲ್ಲ, ಕೆಲವೊಂದರಲ್ಲಿ ಅದು ಉಪಯೋಗಕ್ಕೇ ಬರುವುದಿಲ್ಲ. ಕುದುರೆ ಮೇಲೆ ಕೂತ ಪೊಲೀಸರ ಕಣ್ಣು ನೆಲದಿಂದ ಸುಮಾರು ಎಂಟು ಅಡಿ ಮೇಲಿರುತ್ತದೆ. ಗುಂಪಿನ ಹಿಂದೆ ಏನಾಗುತ್ತಿದೆ ಅಂತ ಅವರಿಗೆ ಕಾಣುತ್ತದೆ. ಅವರೂ ಜನರಿಗೆ ದೂರದಿಂದಲೇ ಕಾಣುತ್ತಾರೆ. ಉದ್ಯಾನ, ಸಮುದ್ರ ದಂಡೆ, ಕಾಲುದಾರಿ ಇರುವ ಕಾಡು, ಮೈದಾನ, ಇಂಥ ಕಡೆ ಜೀಪು ಹೋಗುವುದಿಲ್ಲ, ನಡೆದು ಮುಗಿಯುವುದಿಲ್ಲ. ಅಲ್ಲಿ ಕುದುರೆ ಸಲೀಸು. ಆದರೆ ಕಳ್ಳನನ್ನು ಹಿಡಿದು ಬೇಡಿ ಹಾಕುವುದು, ಮನೆಯೊಳಗೆ ಹೋಗುವುದು, ಕೇಸು ಬರೆಯುವುದು, ಇದೆಲ್ಲ ಕುದುರೆ ಮೇಲೆ ಕೂತು ಆಗುವ ಕೆಲಸವಲ್ಲ. ಇಳಿದರೆ ಲಗಾಮು ಹಿಡಿಯಲು ಇನ್ನೊಬ್ಬರು ಬೇಕು.

ಗುಂಪಿನ ವಿಷಯಕ್ಕೆ ಬಂದರೆ ಎಲ್ಲರೂ ಹೇಳುವ ಉದಾಹರಣೆ ಲಂಡನ್ನಿನ ವೆಂಬ್ಲಿಯದ್ದು. 1923ರ ಏಪ್ರಿಲ್ 28ರಂದು ಆ ಕ್ರೀಡಾಂಗಣದಲ್ಲಿ ಎಫ್ಎ ಕಪ್ ಫುಟ್ಬಾಲ್ ಫೈನಲ್ ಇತ್ತು. ಅಧಿಕೃತ ಲೆಕ್ಕ 1,26,047 ಜನ. ಗೋಡೆ ಹಾರಿ ನುಗ್ಗಿದವರನ್ನೂ ಸೇರಿಸಿದರೆ ಎರಡು ಲಕ್ಷ ದಾಟಿತ್ತು ಎಂದು ಅಂದಾಜು. ಜನ ಆಟದ ಅಂಗಳಕ್ಕೇ ಇಳಿದುಬಿಟ್ಟರು. ಜಾರ್ಜ್ ಸ್ಕೋರಿ ಎಂಬ ಪೇದೆ ಬಿಲ್ಲಿ ಎಂಬ ಕುದುರೆ ಮೇಲೆ ಕೂತು, ಬೇರೆ ಸವಾರರ ಜೊತೆ ಸೇರಿ, ನಿಧಾನವಾಗಿ ಜನರನ್ನು ಗೆರೆಯಾಚೆಗೆ ಸರಿಸಿದರು. ಪಂದ್ಯ ತಡವಾಗಿ ಆದರೂ ನಡೆಯಿತು. ಇವತ್ತಿಗೂ ಅದಕ್ಕೆ ‘ಬಿಳಿ ಕುದುರೆ ಫೈನಲ್’ ಅನ್ನುತ್ತಾರೆ. ಹೊಸ ವೆಂಬ್ಲಿಯ ಹತ್ತಿರದ ಒಂದು ಕಾಲುಸೇತುವೆಗೂ ಬಿಳಿ ಕುದುರೆಯ ಹೆಸರೇ ಇದೆ. ಅಂದಹಾಗೆ ಬಿಲ್ಲಿ ಬಿಳಿ ಕುದುರೆ ಅಲ್ಲ, ಬೂದು ಕುದುರೆ. ಆಗಿನ ಕಪ್ಪು ಬಿಳುಪು ಚಿತ್ರದಲ್ಲಿ ಬೆಳ್ಳಗೆ ಕಂಡಿತು ಅಷ್ಟೇ.

ಇದು ಸುಮಾರು ನೂರು ವರ್ಷದ ಹಳೆಯ ಕಥೆ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಒಂದು ಸಂಜೆ ಕ್ರೀಡಾಂಗಣದ ಗೇಟಿನ ಹತ್ತಿರ ಔಷಧಿ ಪೆಟ್ಟಿಗೆ ಹಿಡಿದು ನಿಂತಿದ್ದೆ. ಹಿಂದಿನವರಿಗೆ ಗೇಟು ಮುಚ್ಚಿರುವುದು ಗೊತ್ತಿಲ್ಲ, ತಳ್ಳುತ್ತಲೇ ಇದ್ದರು. ಮುಂದಿನವರ ಎದೆ ಕಂಬಿಗೆ ಒತ್ತಿತ್ತು. ಒಬ್ಬ ಹೆಂಗಸು ಉಸಿರಿಗೆ ಬಾಯಿ ಮೇಲೆ ಮಾಡಿದ್ದರು. ಕಂದು ಬಣ್ಣದ ಒಂದು ಹೆಣ್ಣುಕುದುರೆ ಪಕ್ಕದಿಂದ ಒಳಗೆ ಬಂತು. ಸವಾರ ಒಂದು ಕಾಲನ್ನು ಅದರ ಪಕ್ಕೆಗೆ ಮೆಲ್ಲಗೆ ಒತ್ತಿದರು. ಅದು ಕಾಲಿಗೆ ಕಾಲು ಅಡ್ಡ ಹಾಕುತ್ತಾ ಪಕ್ಕಕ್ಕೆ ನಡೆಯಿತು. ಒಂದೊಂದೇ ಹೆಜ್ಜೆ. ಬಾಗಿಲು ತೆರೆಯುವಾಗ ಹಿಂದೆ ಸರಿಯುತ್ತೇವಲ್ಲ, ಹಾಗೆ ಜನ ಸರಿದರು. ಯಾರೂ ಯಾರ ಮೈಮೇಲೂ ಕೈ ಹಾಕಲಿಲ್ಲ. ಸವಾರ ಮೇಲಿನಿಂದ “ಎಡಗಡೆ ಜಾಗ ಇದೆ, ಎಡಕ್ಕೆ ಬನ್ನಿ” ಅಂತ ಹೇಳುತ್ತಲೇ ಇದ್ದರು. ಅವರಿಗೆ ಕಾಣುತ್ತಿತ್ತು, ಕೆಳಗಿದ್ದವರಿಗೆ ಕಾಣುತ್ತಿರಲಿಲ್ಲ. ಅಪ್ಪನ ಹೆಗಲ ಮೇಲಿದ್ದ ಮಗು ಕುದುರೆಯ ಕೇಸರ ಮುಟ್ಟಿತು. ಕುದುರೆ ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿಸಿತು. ಎರಡು ಮೂರು ನಿಮಿಷದಲ್ಲಿ ಕಂಬಿಯ ಮುಂದೆ ಜಾಗವಾಯಿತು.

ಡ್ರೋನ್ ಇದನ್ನು ಮೇಲಿನಿಂದ ತೋರಿಸುತ್ತದೆ, ಅದೂ ಕುದುರೆಗಿಂತ ಚೆನ್ನಾಗಿ. ಆದರೆ ಜಾಗ ಮಾಡಿಕೊಡುವುದಿಲ್ಲ. ಕ್ಯಾಮೆರಾ ಹತ್ತಿರ ಬಂದು ಯಾರೂ ಮಾತಾಡಿಸುವುದೂ ಇಲ್ಲ. ಇದನ್ನು ಅಳೆದು ನೋಡಿದವರಿದ್ದಾರೆ. ರ‍್ಯಾಂಡ್ ಯುರೋಪ್ ಸಂಸ್ಥೆ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಕುದುರೆ ಪಡೆಗಳ ಬಗ್ಗೆ ಮಾಡಿದ ಅಧ್ಯಯನ 2014ರಲ್ಲಿ ಹೊರಬಂತು. ನಡೆದು ಗಸ್ತು ತಿರುಗುವ ಪೊಲೀಸರಿಗೆ ಹೋಲಿಸಿದರೆ ಕುದುರೆ ಪೊಲೀಸರ ಜೊತೆ ಜನ ಆರು ಪಟ್ಟಿಗೂ ಜಾಸ್ತಿ ಸಲ ಮಾತಿಗೆ ನಿಂತಿದ್ದರು. ನಿಮ್ಮ ಮನವಿಗೆ ‘ಹತ್ತು ಪೊಲೀಸರು’ ಬದಲು ಇದನ್ನು ಹಾಕಿ. ಹಾಕುವಾಗ ಒಂದು ಎಚ್ಚರ. ಇದು ಮಾತುಕತೆಯ ಲೆಕ್ಕ, ಅಪರಾಧ ಕಡಿಮೆಯಾದ ಲೆಕ್ಕ ಅಲ್ಲ. ಅಷ್ಟನ್ನು ಅಷ್ಟೇ ಅಂತ ಹೇಳಿ.

ನಿಮ್ಮ ಅಕ್ಕನ ಮಾತು

ನಿಮ್ಮ ಅಕ್ಕನನ್ನು ವಿರೋಧಿ ಅಂತ ದೂರ ಇಡಬೇಡಿ. ಅವರ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು.

ಕುದುರೆ ಹೆದರಿದರೆ ಓಡುವ ಪ್ರಾಣಿ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಹಾಗಾಗಿ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ನೇರ ಹಿಂದೆ ಮತ್ತು ಹಣೆಯ ಮುಂದಿನ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ ಕೂಡ ಅದಕ್ಕೆ ಅಪಾಯವೇ. ತರಬೇತಿ ಅಂದರೆ ಹೊಡೆದು ಧೈರ್ಯ ತುಂಬುವುದಲ್ಲ. ಅನುಭವಸ್ಥ ಹಳೇ ಕುದುರೆಯ ಪಕ್ಕದಲ್ಲಿ ಹೊಸ ಕುದುರೆಯನ್ನು ನಿಲ್ಲಿಸಿ, ದೂರದಲ್ಲಿ ಡೋಲು ಬಾರಿಸಿ, ದಿನದಿಂದ ದಿನಕ್ಕೆ ಹತ್ತಿರ ತರುವುದು. ಹಳೇ ಕುದುರೆ ಬೆಚ್ಚದಿದ್ದರೆ ಹೊಸದು ಅದನ್ನು ನೋಡಿ ಸುಮ್ಮನಾಗುತ್ತದೆ. ಮುದಿ ಕುದುರೆಗಳು ಲಾಯದಲ್ಲಿ ಇರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಇಷ್ಟಾದರೂ ಅಪಾಯ ಪೂರ್ತಿ ಹೋಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಕಟ್ಟಡ ಕೆಲಸದ ಕಲ್ಲುಮಣ್ಣು ಮೇಲಿನಿಂದ ಬಿದ್ದ ಸದ್ದಿಗೆ ಸೈನ್ಯದ ಕುದುರೆಗಳು ಬೆದರಿ, ಸವಾರರನ್ನು ಕೆಡವಿ, ನಗರದ ನಡುವೆ ಓಡಿದವು. ಜನರಿಗೂ ಕುದುರೆಗಳಿಗೂ ಗಾಯವಾಯಿತು. ಅವು ಚೆನ್ನಾಗಿ ಪಳಗಿದ ಕುದುರೆಗಳು. 2006ರಲ್ಲಿ ಟೊರೊಂಟೊದಲ್ಲಿ ಬ್ರಿಗೇಡಿಯರ್ ಎಂಬ ಪೊಲೀಸ್ ಕುದುರೆಗೆ ಕಾರು ಗುದ್ದಿ, ಅದು ಬದುಕದಷ್ಟು ಗಾಯಗೊಂಡಿತು. ಇಂಥದ್ದನ್ನು ಮುಚ್ಚಿಟ್ಟು ವಾದ ಮಾಡಬೇಡಿ.

ನನ್ನ ಅನುಭವದಲ್ಲಿ ಕುದುರೆಗೆ ಹಿಂಸೆಯಾಗುವುದು ಗದ್ದಲಕ್ಕಿಂತ ಜಾಸ್ತಿ ಬೇರೆ ಮೂರು ಕಡೆ. ಗಟ್ಟಿ ಟಾರಿನ ಮೇಲೆ ಗಂಟೆಗಟ್ಟಲೆ ನಿಲ್ಲಿಸುವುದು. ಕೆಲಸ ಇಲ್ಲದಾಗ ಬಯಲಿಗೆ ಬಿಡದೆ ನಾಲ್ಕು ಗೋಡೆಯೊಳಗೆ ಕಟ್ಟಿಹಾಕುವುದು. ಹೊಟ್ಟೆ ಖಾಲಿ ಬಿಡುವುದು. ಈ ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಕುದುರೆಯ ಜಠರದಲ್ಲಿ ತಿಂದರೂ ತಿನ್ನದಿದ್ದರೂ ಆಮ್ಲ ಒಸರುತ್ತಲೇ ಇರುತ್ತದೆ. ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ಮೇಯಲು ಆದ ದೇಹ ಅದು. ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಧಾನ್ಯ ಸುರಿದು ನಡುವೆ ಖಾಲಿ ಬಿಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಸುಮಾರು 500 ಕಿಲೋ ತೂಕದ ಕುದುರೆಗೆ ದಿನಕ್ಕೆ ಹತ್ತು ಕಿಲೋ ಆಸುಪಾಸು ಒಣ ಮೇವು, 25ರಿಂದ 40 ಲೀಟರ್ ನೀರು ಬೇಕು. ಸೆಕೆಗಾಲದಲ್ಲಿ ನೀರು ಇನ್ನೂ ಜಾಸ್ತಿ.

ನಿಮ್ಮ ಅಕ್ಕನನ್ನು ಕರೆದುಕೊಂಡು ಲಾಯಕ್ಕೆ ಹೋಗಿ. ಕುದುರೆಗಳನ್ನು ದಿನಾ ಬಯಲಿಗೆ ಬಿಡುತ್ತಾರಾ, ಒಂದು ಸಲ ಜೀನು ಹಾಕಿದರೆ ಎಷ್ಟು ಹೊತ್ತಿಗೆ ಬಿಚ್ಚುತ್ತಾರೆ, ಕೊಟ್ಟಿಗೆಯಲ್ಲಿ ಹುಲ್ಲು ಇದ್ದೇ ಇರುತ್ತದಾ, ಇಷ್ಟನ್ನು ಕೇಳಿ. ಉತ್ತರ ಸಮಾಧಾನ ಕೊಡದಿದ್ದರೆ ನಿಮ್ಮ ಮನವಿಯ ಮೊದಲ ಬೇಡಿಕೆ ಅದನ್ನು ಸರಿಮಾಡಿ ಅನ್ನುವುದೇ ಆಗಿರಲಿ. ಬಯಲಿಲ್ಲ, ಸೈಸ್‌ಗಳಿಲ್ಲ, ಕೊಡುವ ಮನಸ್ಸೂ ಯಾರಿಗೂ ಇಲ್ಲ ಅನ್ನುವ ಲಾಯ ಆದರೆ, ಅದನ್ನು ಮುಚ್ಚಿ ಅನ್ನುವ ಕಾಗದಕ್ಕೆ ನಾನೂ ಸಹಿ ಹಾಕುತ್ತೇನೆ.

ಖರ್ಚು ಎಲ್ಲಿದೆ?

ಕುದುರೆ ಪಡೆಗೆ ಕತ್ತರಿ ಬೀಳುವುದಕ್ಕೆ ಕಾರಣ ಅದು ದುಬಾರಿ ಅನ್ನುವುದಷ್ಟೇ ಅಲ್ಲ. ಅದರ ಖರ್ಚು ಒಂದೇ ಸಾಲಿನಲ್ಲಿ ಕಾಣುತ್ತದೆ: ಮೇವು, ಲಾಳ, ಔಷಧಿ, ಲಾಯದ ದುರಸ್ತಿ. ಪ್ರಯೋಜನ ಮಾತ್ರ ಊರು ತುಂಬಾ ಹರಡಿರುತ್ತದೆ. ಉದ್ಯಾನದಲ್ಲಿ ಒಬ್ಬಳು ಹುಡುಗಿ ಧೈರ್ಯವಾಗಿ ಓಡಾಡಿದ್ದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ?

ಆದ್ದರಿಂದ ಎರಡು ಪ್ರಶ್ನೆ ಕೇಳಿ. ಮೊದಲನೆಯದು, ಉಳಿತಾಯ ಅಂತ ತೋರಿಸಿದ ಮೊತ್ತದಲ್ಲಿ ಸವಾರರ ಸಂಬಳ ಸೇರಿದೆಯಾ? ಸಾಮಾನ್ಯವಾಗಿ ಪಡೆ ಮುಚ್ಚಿದಾಗ ಸವಾರರನ್ನು ಕೆಲಸದಿಂದ ತೆಗೆಯುವುದಿಲ್ಲ, ಬೇರೆ ಠಾಣೆಗೆ ಕಳಿಸುತ್ತಾರೆ. ಸಂಬಳ ಹೋಗುತ್ತಲೇ ಇರುತ್ತದೆ. ನಿಜವಾಗಿ ಉಳಿಯುವುದು ಮೇವು, ಲಾಯ, ಚಿಕಿತ್ಸೆಯ ಖರ್ಚು ಮಾತ್ರ. ಎರಡನೆಯದು, ಲಾಯ ನಿಂತಿರುವ ಜಾಗ ಮುಂದೆ ಏನಾಗುತ್ತದೆ? ಹಳೇ ಲಾಯಗಳು ಬಹಳ ಕಡೆ ನಗರದ ನಡುವೆ ಬೆಲೆಬಾಳುವ ಜಾಗದಲ್ಲಿವೆ. ಯಾರ ಮೇಲೂ ಆರೋಪ ಮಾಡದೆ, ಮಾಹಿತಿ ಬೇಕು ಅಂತ ನೇರವಾಗಿ ಕೇಳಿ.

ಸಣ್ಣ ಸಣ್ಣ ಉಳಿತಾಯ ಎಷ್ಟು ದುಬಾರಿಯಾಗುತ್ತದೆ ಅನ್ನುವುದಕ್ಕೆ ನನ್ನ ಒಂದು ಅನುಭವ ಹೇಳಬೇಕು. ನಾನು ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ಖರ್ಚು ಕಡಿಮೆ ಮಾಡಲು ಅಗ್ಗದ ಮೇವು ತರಿಸಿದರು. ಹುಲ್ಲಿನ ಕಟ್ಟು ಬಿಚ್ಚಿದರೆ ಬೂಷ್ಟು ವಾಸನೆ. ಬೇಡ ಅಂತ ಬರೆದುಕೊಟ್ಟೆ. ಸ್ವಲ್ಪ ದಿನ ನೋಡೋಣ ಅಂದರು. ಕೆಲವೇ ವಾರಗಳಲ್ಲಿ ಮೂರು ಕುದುರೆಗಳಿಗೆ ಹೊಟ್ಟೆಶೂಲೆ ಬಂತು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಕರುಳಿನಲ್ಲೇ ದಾರಿ ಹುಡುಕಬೇಕು. ಮೂರನೆಯದು ರಾತ್ರಿ ಹನ್ನೊಂದಕ್ಕೆ ಶುರುವಾಯಿತು. ಪಕ್ಕೆ ತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಉರುಳಲು ಮಂಡಿ ಮಡಚುವುದು. ಮೈಯೆಲ್ಲ ಬೆವರಿ ಕಪ್ಪಗಾಗಿತ್ತು. ಸೈಸ್ ಮತ್ತು ನಾನು ಸರದಿಯಲ್ಲಿ ಅದನ್ನು ನಡೆಸಿದೆವು. ಕೊಡಬಹುದಾದ ಔಷಧಿ ಎಲ್ಲ ಕೊಟ್ಟೆ. ಹೊಟ್ಟೆಗೆ ಕಿವಿಗೊಟ್ಟರೆ ಕರುಳಿನ ಗುಡುಗುಡು ಸದ್ದು ಪೂರ್ತಿ ನಿಂತಿತ್ತು. ಬೆಳಗಿನ ಜಾವ ಅದು ಹೋಯಿತು. ಒಂಬತ್ತು ವರ್ಷದ ಕುದುರೆ, ಇನ್ನೂ ಅಷ್ಟೇ ವರ್ಷ ದುಡಿಯಬೇಕಿತ್ತು. ಆ ಸೈಸ್ ಲಗಾಮು ಮಡಚಿ ಮೊಳೆಗೆ ಹಾಕಿ, ಒಂದು ಮಾತೂ ಆಡದೆ ಪಕ್ಕದ ಕುದುರೆಗೆ ನೀರು ಇಡಲು ಹೋದರು. ಮೇವಿನಲ್ಲಿ ಉಳಿದ ದುಡ್ಡು ಒಂದು ಹೊಸ ಕುದುರೆಯ ಬೆಲೆಗೆ ಏನೂ ಅಲ್ಲ.

ಕುದುರೆಗೆ ತೊಂದರೆಯಾಗದ ಉಳಿತಾಯವೂ ಇದೆ. ಲಾಳವನ್ನು ಆರರಿಂದ ಎಂಟು ವಾರಕ್ಕೊಮ್ಮೆ ಬಿಚ್ಚಿ ಗೊರಸು ಕೆತ್ತಿ ಮತ್ತೆ ಹೊಡೆಯಬೇಕು. ಅಮೆರಿಕದ ಹ್ಯೂಸ್ಟನ್ ಪೊಲೀಸರು ಲಾಳವೇ ಇಲ್ಲದೆ ಕುದುರೆಗಳನ್ನು ದುಡಿಸಿ ತೋರಿಸಿದ್ದಾರೆ. ಎಲ್ಲ ಕುದುರೆಗೂ ಇದು ಹೊಂದುವುದಿಲ್ಲ. ಗೊರಸು ಗಟ್ಟಿಯಾಗಲು ತಿಂಗಳುಗಳು ಬೇಕು, ನಿಯಮಿತವಾಗಿ ಕೆತ್ತುವುದಂತೂ ತಪ್ಪದು. ಆದರೂ ಚರ್ಚೆಗೆ ಇಡಬಹುದಾದ ವಿಷಯ.

ಮುಂದಿರುವ ದಾರಿಗಳು

ಮೆರವಣಿಗೆಗೆ ಮಾತ್ರ ನಾಲ್ಕೈದು ಕುದುರೆ ಇಡುವುದು ಎಲ್ಲರಿಗೂ ಒಪ್ಪಿಗೆಯಾಗುವಂತೆ ಕಾಣುತ್ತದೆ. ನನಗೆ ಎಲ್ಲಕ್ಕಿಂತ ಹೆದರಿಕೆ ಇದರ ಬಗ್ಗೆಯೇ. ಕುದುರೆ ಗದ್ದಲಕ್ಕೆ ಒಗ್ಗಿಕೊಳ್ಳುವುದು ದಿನಾ ರಸ್ತೆಯಲ್ಲಿ ಓಡಾಡಿ. ವರ್ಷವಿಡೀ ಲಾಯದಲ್ಲಿದ್ದು ಎರಡು ಸಲ ಮಾತ್ರ ಬ್ಯಾಂಡು, ಪಟಾಕಿ, ಸಾವಿರಾರು ಜನರ ನಡುವೆ ಬಂದು ನಿಲ್ಲುವ ಕುದುರೆ ದಿನಾ ಗಸ್ತಿಗೆ ಹೋಗುವ ಕುದುರೆಗಿಂತ ಅಪಾಯಕಾರಿ. ಅಕ್ಕಪಕ್ಕ ಮಕ್ಕಳು ಬೇರೆ ನಿಂತಿರುತ್ತಾರೆ. ಕೆನಡಾದ ರಾಯಲ್ ಮೌಂಟೆಡ್ ಪೊಲೀಸರು 1966ರಲ್ಲಿ ಎಲ್ಲರಿಗೂ ಕಡ್ಡಾಯವಾಗಿದ್ದ ಕುದುರೆ ಸವಾರಿ ತರಬೇತಿ ನಿಲ್ಲಿಸಿದರು. ಅವರ ಸಂಗೀತದ ಸವಾರಿ ಪ್ರದರ್ಶನ ಇವತ್ತಿಗೂ ಜಗತ್ಪ್ರಸಿದ್ಧ. ಆದರೆ ಅದು ಪೂರ್ತಿ ಹೊತ್ತಿನ ತಾಲೀಮು ಇರುವ ಪ್ರದರ್ಶನ ತಂಡ. ಅಂಥ ಏರ್ಪಾಡು ಇಲ್ಲದೆ ನಾಲ್ಕು ಕುದುರೆ ಇಟ್ಟುಕೊಳ್ಳುವುದು ಬೇರೆ ಮಾತು.

ಎರಡನೆಯ ದಾರಿ ಸಾರ್ವಜನಿಕರ ದೇಣಿಗೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಕುದುರೆ ಪಡೆಯ ಅಭಿಮಾನಿಗಳು ದುಡ್ಡು ಕೂಡಿಸಿ ಪಡೆಯನ್ನು ಕೆಲವು ವರ್ಷ ಉಳಿಸಿಕೊಂಡರು. ಆದರೂ 2017ರಲ್ಲಿ ಅದು ಮುಚ್ಚಿತು. ದೇಣಿಗೆ ಸಮಯ ಕೊಡುತ್ತದೆ, ಭದ್ರತೆ ಕೊಡುವುದಿಲ್ಲ. ನನ್ನ ಸಲಹೆ ಕೇಳಿದರೆ, ದೇಣಿಗೆಯನ್ನು ಒಂದೇ ಸಲದ ಖರ್ಚಿಗೆ ಇಡಿ: ಹೊಸ ಕುದುರೆ, ಸಾಗಿಸುವ ಗಾಡಿ, ಲಾಯದ ಚಾವಣಿ. ದಿನದ ಮೇವು ಮತ್ತು ಸೈಸ್‌ಗಳ ಸಂಬಳ ಬಜೆಟ್‌ನಲ್ಲೇ ಇರಬೇಕು. ದಾನಿಗಳ ಉತ್ಸಾಹ ಕಡಿಮೆಯಾದ ವರ್ಷ ಕುದುರೆ ಉಪವಾಸ ಬೀಳಬಾರದು.

ಪಕ್ಕದ ನಗರದ ಜೊತೆ ಸೇರಿ ಒಂದೇ ಪಡೆ ನಡೆಸುವುದೂ ಸಾಧ್ಯ. ಖರ್ಚು ಹಂಚಿಹೋಗುತ್ತದೆ. ಆದರೆ ಕುದುರೆಗಳು ಗಾಡಿಯಲ್ಲಿ ಓಡಾಡಿ ದಣಿಯುತ್ತವೆ, ಬೇಕಾದ ಹೊತ್ತಿಗೆ ಸಿಗದೇ ಇರಬಹುದು. ಸವಾರಿ ಶಾಲೆಯಿಂದ ಬಾಡಿಗೆಗೆ ತರುವ ಮಾತು ಯಾರಾದರೂ ಎತ್ತಿದರೆ ಒಪ್ಪಬೇಡಿ. ಜನರ ಗುಂಪು ಕಂಡಿರದ ಕುದುರೆಯನ್ನು ಗುಂಪಿಗೆ ತರುವುದು ಯಾರಿಗೂ ಒಳ್ಳೆಯದಲ್ಲ.

ನಾನು ನಿಮಗೆ ಹೇಳುವುದು ಸಣ್ಣದಾದರೂ ಗಟ್ಟಿಯಾದ ಪಡೆಯನ್ನು ಕೇಳಿ ಅಂತ. ನನ್ನ ಅಂದಾಜಿನಲ್ಲಿ ಹತ್ತರಿಂದ ಹನ್ನೆರಡು ಕುದುರೆ ಇದ್ದರೆ ಪಡೆ ನಡೆಯುತ್ತದೆ. ಎಂಟಕ್ಕಿಂತ ಕೆಳಗಿಳಿದರೆ ಹೆಸರಿಗೆ ಮಾತ್ರ. ಅಂದರೆ ನಿಮ್ಮ ಊರಿನದು ಈಗ ಅಂಚಿನಲ್ಲಿದೆ. ‘22 ಮತ್ತೆ ಬೇಕು’ ಅಂತ ಕೇಳಿದರೆ ಸಿಗಲಾರದು. ‘ಈಗಿರುವಷ್ಟನ್ನು ಉಳಿಸಿ, ಪ್ರತಿ ವರ್ಷ ಒಂದು ಹೊಸ ಕುದುರೆ ಬರಲಿ, ಖಾಲಿ ಇರುವ ಸೈಸ್ ಹುದ್ದೆ ತುಂಬಿ’ ಅಂತ ಕೇಳಿದರೆ ಮಾತುಕತೆಗೆ ಜಾಗ ಇರುತ್ತದೆ.

ಒಂದು ಸಲ ಮುಚ್ಚಿದರೆ ಮತ್ತೆ ಕಟ್ಟುವುದು ಎಷ್ಟು ಕಷ್ಟ ಅನ್ನುವುದನ್ನೂ ಹೇಳಿ. ಸಿಡ್ನಿಯ ಕುದುರೆ ಪಡೆ ಶುರುವಾದದ್ದು 1825ರಲ್ಲಿ, ಕೋಲ್ಕತ್ತದ್ದು 1840ರಲ್ಲಿ. ಎರಡೂ ಇವತ್ತಿಗೂ ಇವೆ. ಅಮೆರಿಕದ ಬಾಸ್ಟನ್ನಿನದು 1873ರಲ್ಲಿ ಹುಟ್ಟಿ, ಬಜೆಟ್ ಕಡಿತದಿಂದ 2009ರಲ್ಲಿ ಮುಚ್ಚಿತು. ಫಿಲಡೆಲ್ಫಿಯಾ 2004ರಲ್ಲಿ ಮುಚ್ಚಿ, ಕೆಲವು ವರ್ಷಗಳ ನಂತರ ಮತ್ತೆ ಕಟ್ಟಿತು. ಮುಂಬೈ ಪೊಲೀಸರು 1932ರಲ್ಲಿ ಕೈಬಿಟ್ಟ ಕುದುರೆ ಪಡೆಯನ್ನು ಮತ್ತೆ ತಂದದ್ದು 2020ರಲ್ಲಿ, 88 ವರ್ಷದ ಮೇಲೆ. ಕುದುರೆಯನ್ನು ಕೊಂಡು ತರಬಹುದು. ಹೊಸ ಸವಾರನ ಪಕ್ಕ ನಿಂತು “ಲಗಾಮು ಸಡಿಲ ಬಿಡು, ಅದಕ್ಕೆ ದಾರಿ ಗೊತ್ತು” ಅಂತ ಹೇಳುವ ಹಳಬರನ್ನು ಎಲ್ಲಿಂದ ತರುವುದು?

ಮುಚ್ಚಿಯೇ ಬಿಟ್ಟರೆ

ಇದನ್ನು ಈಗಲೇ ಯೋಚಿಸಿ. ಆದೇಶ ಬಂದ ಮೇಲೆ ಸಮಯ ಇರುವುದಿಲ್ಲ. ಕುದುರೆ 25, ಕೆಲವೊಮ್ಮೆ 30 ವರ್ಷ ಬದುಕುತ್ತದೆ. ಸೇವೆ ಮುಗಿದ ಮೇಲೂ ಎಂಟು ಹತ್ತು ವರ್ಷ ಮೇವು, ಲಾಳ, ಔಷಧಿ ಬೇಕು. ಹರಾಜಿಗೆ ಇಟ್ಟರೆ ಎಳೆಯ ಕುದುರೆಗೆ ಗಿರಾಕಿ ಸಿಗುತ್ತಾರೆ. ಹದಿನೇಳು ವರ್ಷದ್ದನ್ನು ಯಾರು ಯಾಕೆ ಕೊಳ್ಳುತ್ತಾರೆ ಅಂತ ಯೋಚಿಸಿದರೆ ನನಗೆ ನಿದ್ದೆ ಬರುವುದಿಲ್ಲ. ಭಾರದ ಗಾಡಿಗೆ, ಇಲ್ಲವೇ ಅದಕ್ಕಿಂತ ಕೆಟ್ಟ ಕಡೆಗೆ.

ಹಾಗಾಗಿ ಲಿಖಿತವಾಗಿ ಕೇಳಿ: ಹರಾಜು ಬೇಡ. ಮನೆ, ಬಯಲು, ಮೇವಿನ ವ್ಯವಸ್ಥೆ ನೋಡಿ ಒಂದೊಂದನ್ನೇ ಕೊಡಬೇಕು. ಪಡೆದವರಿಗೆ ನೋಡಿಕೊಳ್ಳಲು ಆಗದಿದ್ದರೆ ಇಲಾಖೆಗೇ ಹಿಂತಿರುಗಿಸಬೇಕು, ಮಾರುವಂತಿಲ್ಲ. ಪ್ರತಿ ಕುದುರೆಯ ಚಿಕಿತ್ಸೆಯ ಕಡತ ಜೊತೆಗೇ ಹೋಗಬೇಕು. ಕಳಿಸುವ ಮೊದಲು ಗ್ಲಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆ ಆಗಬೇಕು, ಅದು ಮನುಷ್ಯರಿಗೂ ಹರಡುವ ಕಾಯಿಲೆ. ಹತ್ತು ವರ್ಷ ಜೊತೆಯಾಗಿ ಗಸ್ತು ತಿರುಗಿದ ಕುದುರೆಗಳನ್ನು ಆದಷ್ಟು ಒಟ್ಟಿಗೇ ಕಳಿಸಬೇಕು. ಜೋಡಿ ಅಗಲಿಸಿದ ಕುದುರೆ ದಿನಗಟ್ಟಲೆ ಮೇವು ಮುಟ್ಟದೆ ಗೇಟಿನ ಕಡೆ ನೋಡುತ್ತಾ ನಿಂತದ್ದನ್ನು ನಾನು ಕಂಡಿದ್ದೇನೆ.

ನಾಳೆಯಿಂದ ಏನು ಮಾಡಬೇಕು?

ಸಹಿ ಸಂಗ್ರಹ ಮುಂದುವರಿಸಿ. ಆದರೆ ಸಹಿಗಿಂತ ಮೊದಲು ಒಂದು ಪಟ್ಟಿ ಬೇಕು. ಪಡೆಯ ಮುಖ್ಯಸ್ಥರನ್ನು ಮರ್ಯಾದೆಯಿಂದ ಭೇಟಿಯಾಗಿ, ಅಥವಾ ಅರ್ಜಿ ಹಾಕಿ ಕೇಳಿ. ಪ್ರತಿ ಕುದುರೆಯ ಹೆಸರು, ವಯಸ್ಸು, ಬಂದ ವರ್ಷ. ಕಳೆದ ವರ್ಷ ಎಷ್ಟು ದಿನ ಕೆಲಸಕ್ಕೆ ಹೋಯಿತು, ಎಷ್ಟು ದಿನ ಯಾಕೆ ಹೋಗಲಿಲ್ಲ. ಕೊನೆಯ ಖರೀದಿ ಯಾವಾಗ. ಮಂಜೂರಾದ ಸೈಸ್ ಹುದ್ದೆ ಎಷ್ಟು, ತುಂಬಿರುವುದು ಎಷ್ಟು. ಈ ಒಂದು ಹಾಳೆ ನೂರು ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ನಾನು ಹೇಳಿದೆನಲ್ಲ, ಉಳಿದುಕೊಂಡ ಪಡೆ, ಅದು ಉಳಿದದ್ದು ಇಂಥದ್ದೇ ಒಂದು ಹಾಳೆಯಿಂದ. ಹದಿನಾಲ್ಕು ಕುದುರೆಯಲ್ಲಿ ಒಂಬತ್ತಕ್ಕೆ ಹದಿನೈದು ದಾಟಿದೆ ಅಂತ ಕಂಡಾಗ ಮೇಜಿನ ಆ ಕಡೆ ಕೂತವರು ಮೊದಲ ಸಲ ಪೆನ್ನು ಕೆಳಗಿಟ್ಟರು.

ಇನ್ನೊಂದು, ಸವಾರರು ದಿನದ ಡೈರಿ ಬರೆಯಲಿ. ಎಷ್ಟು ಗಂಟೆ, ಎಲ್ಲಿ, ಎಷ್ಟು ಜನ ಬಂದು ಮಾತಾಡಿಸಿದರು, ಯಾವ ದೂರು ಹೇಳಿದರು, ಕಳೆದುಹೋದ ಮಗು ಸಿಕ್ಕಿತಾ, ಗುಂಪು ಸರಿಸಿದ್ದೆಲ್ಲಿ. ಮೂರು ತಿಂಗಳ ಡೈರಿ ಸಾಕು.

ನಿರ್ಧಾರ ಮಾಡುವವರನ್ನು ಮೆರವಣಿಗೆಗೆ ಕರೆಯಬೇಡಿ. ಅಲ್ಲಿ ಕಾಣುವುದು ಅಲಂಕಾರ. ಬೆಳಗ್ಗೆ ಐದಕ್ಕೆ ಲಾಯಕ್ಕೆ ಕರೆಯಿರಿ. ಬಕೆಟ್ಟಿನ ಸದ್ದಿಗೆ ಹನ್ನೊಂದೂ ಒಟ್ಟಿಗೆ ಕೆನೆಯುವುದನ್ನು ಕೇಳಲಿ. ಸೈಸ್ ಕುದುರೆಯ ಕಾಲಿನ ಹಿಂದೆ ಅಂಗೈ ಇಳಿಸಿದ ತಕ್ಷಣ ಅದು ತಾನಾಗೇ ಗೊರಸು ಎತ್ತಿ ಕೊಡುವುದನ್ನು ನೋಡಲಿ. ಗೊರಸಿನ ತಳದ ಮಣ್ಣು ಕೆರೆದು ಮೂಸಿ ನೋಡುತ್ತಾರೆ, ಕೊಳೆತ ವಾಸನೆ ಬಂದರೆ ಅವತ್ತು ರಜೆ. ಕಾಲಿನ ಗಿಣ್ಣಿನ ಹಿಂದೆ ಎರಡು ಬೆರಳಿಟ್ಟು ನಾಡಿ ನೋಡುತ್ತಾರೆ. ಬಡಿತ ಜೋರಾಗಿದ್ದರೆ ಗೊರಸಿನೊಳಗೆ ಊತ ಶುರುವಾಗಿದೆ ಅಂತ ಅರ್ಥ. ಹುದ್ದೆ ಖಾಲಿ ಬಿಟ್ಟಾಗ ಖಾಲಿಯಾಗುವುದು ಆ ಎರಡು ಬೆರಳಿನ ಜಾಗ. ಇದನ್ನು ಅವರು ಹತ್ತಿರದಿಂದ ನೋಡಬೇಕು.

ಕೊನೆಗೆ ಕ್ಯಾರೆಟ್. ಕೊಡಬಹುದು, ಆದರೆ ಸೈಸ್ ಅವರನ್ನು ಕೇಳಿ ಕೊಡಬೇಕು. ಆ ಕುದುರೆಗೆ ಪಥ್ಯ ಇರಬಹುದು. ಗುಂಡಗೆ ಬಿಲ್ಲೆಯಂತೆ ಹೆಚ್ಚಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉದ್ದುದ್ದ ಸೀಳಿ. ಮಗ ಅಂಗೈ ಪೂರ್ತಿ ಬಿಚ್ಚಿ, ಹೆಬ್ಬೆರಳನ್ನು ಬೆರಳುಗಳಿಗೆ ಅಂಟಿಸಿ ಹಿಡಿಯಲಿ. ಕುದುರೆಗೆ ಬಾಯಿಯ ಕೆಳಗಿನದು ಕಾಣುವುದಿಲ್ಲ, ತುಟಿಯಿಂದ ತಡವಿ ತೆಗೆದುಕೊಳ್ಳುತ್ತದೆ. ದಿನಕ್ಕೆ ಒಂದೆರಡು ಸೀಳು ಸಾಕು. ಗೇಟಿನ ಕಂಬಿಯ ಸಂದಿಯಿಂದ ಮಾತ್ರ ಬೇಡ. ಅದು ರೂಢಿಯಾದರೆ ಗೇಟಿಗೆ ಬಂದ ಎಲ್ಲರ ಕೈಗೂ ಬಾಯಿ ಹಾಕಲು ಕಲಿಯುತ್ತದೆ.

ಬೂದು ಕುದುರೆಗಳು ವಯಸ್ಸಾದ ಹಾಗೆ ಬೆಳ್ಳಗಾಗುತ್ತಾ ಹೋಗುತ್ತವೆ. ನಿಮ್ಮ ಮಗನ ಸ್ನೇಹಿತ ಈಗ ಎಷ್ಟು ಬೆಳ್ಳಗಿದ್ದಾನೆ ನೋಡಿ. ನಾಳೆ ಕ್ಯಾರೆಟ್ ಕೊಡಲು ಕೇಳುವಾಗ ಅವನ ಹೆಸರು, ವಯಸ್ಸನ್ನೂ ಕೇಳಿ, ಪಟ್ಟಿಯ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ.